ಕಾಕಾ ಬರೆದಿಟ್ಟ ವೇಳೆ

ಸುರಪುರದ ಕಾಲೇಜೊಂದರ ಸ್ಟಾಫ್ ರೂಮಿನಲ್ಲಿ, ಚಹಾದ ಹೊತ್ತಿಗೆ, ಎಲ್ಲರ ಎದುರು ನಾನು ಒಬ್ಬ ಹಿರಿಯರನ್ನು ಸುಳ್ಳುಗಾರ ಎಂದೆ. ಆ ಶಬ್ದವನ್ನೇ ಬಳಸಲಿಲ್ಲ ಬಿಡಿ. ಕಲಿತವರು ಯಾರೂ ಆ ಶಬ್ದ ಬಳಸುವುದಿಲ್ಲ. "ಕಾಕಾ, ಇದು ಕುಂತಲ್ಲೇ ಕುಂತು ಒಮ್ಮೆಲೆ ಬರದದ್ದು ಅನಸ್ತದ" ಎಂದೆ, ಅಷ್ಟೇ. ಅಷ್ಟಕ್ಕೇ ಆ ಮನುಷ್ಯನ ಮುಖ ಹೇಗಾಯಿತು ಎಂಬುದನ್ನು ಮರೆಯಲು ನಾನು ಬಹಳ ಪ್ರಯತ್ನ ಮಾಡಿದ್ದೇನೆ. ಆಗಿಲ್ಲ.

ನಾನು ಅಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಮನೆ ಶಹಾಪುರದಲ್ಲಿ, ಅಪ್ಪನ ಅಂಗಡಿ ಯಾದಗಿರಿಯ ಗಂಜ್ ಮಾರುಕಟ್ಟೆಯಲ್ಲಿ. ಕಾಕಾ ನಮ್ಮ ಪ್ರಯೋಗಾಲಯದ ಅಟೆಂಡರ್. ವಡಗೇರಾ ಕಡೆಯವರು, ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದವು. ಪ್ರಿನ್ಸಿಪಾಲರಿಂದ ಹಿಡಿದು ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಬಾಯಿ ತುಂಬ ಕಾಕಾ ಅನ್ನುವುದಕ್ಕೆ ನಮಗೇನು ಖರ್ಚು?

ಕಾಲೇಜಿಗೆ ಯಾವುದೋ ಯೋಜನೆಯಲ್ಲಿ ಹದಿನಾಲ್ಕು ಇಂಚಿನ ಕನ್ನಡಿಯ ದೂರದರ್ಶಕವೊಂದು ಬಂದು, ಎರಡು ವರ್ಷ ಪೆಟ್ಟಿಗೆಯಲ್ಲೇ ಬಿದ್ದಿತ್ತು. ನಾನು ಬಂದು ಕೂಗಾಡಿದ ಮೇಲೆ ಅದು ಮಾಳಿಗೆ ಹತ್ತಿತು. ಕೂಗಾಡಿದ್ದು ನಾನು, ಕೆಲಸ ಮಾಡಿದ್ದು ಕಾಕಾ. ತಗಡಿನ ಶೆಡ್ಡಿಗೆ ಗಾಲಿ ಹಚ್ಚಿ, ತಳ್ಳಿದರೆ ಸರಿಯುವ ಹಾಗೆ ಮಾಡಿದರು. ಸಂಜೆ ಹೊಲದ ಪಂಪುಗಳೆಲ್ಲ ಒಮ್ಮೆಲೆ ಚಾಲೂ ಆಗಿ ಕರೆಂಟು ಕುಣಿಯುತ್ತದೆಂದು ಟ್ರ್ಯಾಕ್ಟರಿನ ಬ್ಯಾಟರಿಯೊಂದನ್ನು ಮೇಲೆ ಹೊತ್ತು ತಂದಿಟ್ಟರು. ಕಾಲುವೆ ಬಂದ ಮೇಲೆ ನಮ್ಮ ಕಡೆ ಭತ್ತ ಬಂತು, ಭತ್ತದ ಹಿಂದೆ ಹುಳ ಬಂದವು. ದಸರಾ ಹೊತ್ತಿಗೆ ದೀಪ ಹಚ್ಚಿದರೆ ಸಾಕು, ಮುಖದ ತುಂಬ ಹುಳ. ಕಾಕಾ ತಮ್ಮ ಹಳೆ ಧೋತರ ಹರಿದು ದೂರದರ್ಶಕದ ಸುತ್ತ ಪರದೆ ಕಟ್ಟಿದರು. ನಮ್ಮ ವೇಧಶಾಲೆ ನೋಡಿ ಕನ್ನಡ ವಿಭಾಗದವರು "ಏನ್ರಿ ಮೇಡಂ, ಮ್ಯಾಲ ಯಾರ ಬಾಣಂತನ ಅದ?" ಎಂದು ನಗುತ್ತಿದ್ದರು.

ಆ ವರ್ಷ ದಸರೆಯ ರಜೆ ಮುಗಿದ ವಾರ ನನಗೆ ಫೋನು ಬಂತು. ಎಂ.ಫಿಲ್ ಮಾಡುವಾಗ ನನಗೆ ಕಲಿಸಿದ ಪ್ರೊಫೆಸರರು, ದೂರದ ಊರಿನವರು.

"ಒಂದು ಎದ್ದಿದೆ ಕಣಮ್ಮ. ನಿನ್ನ ದೂರದರ್ಶಕಕ್ಕೂ ಸಿಗುವಷ್ಟು ಬೆಳಕಿದೆ. ಬಿಡಬೇಡ" ಎಂದರು.

ಎದ್ದದ್ದು ಏನು ಅಂತ ಹೇಳುತ್ತೇನೆ. ಆಕಾಶದಲ್ಲಿ ಕೆಲವು ಕಡೆ ಒಂದು ನಕ್ಷತ್ರ ಮತ್ತು ಒಂದು ಕಪ್ಪುಕುಳಿ ಜೋಡಿಯಾಗಿ ಸುತ್ತುತ್ತಿರುತ್ತವೆ. ಕುಳಿಯು ನಕ್ಷತ್ರದ ಅನಿಲವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಆ ಅನಿಲ ಸುತ್ತಲೂ ತಟ್ಟೆಯ ಹಾಗೆ ಸೇರುತ್ತ ಹೋಗುತ್ತದೆ. ವರ್ಷಗಟ್ಟಲೆ ಏನೂ ಕಾಣುವುದಿಲ್ಲ, ಅಲ್ಲೊಂದು ಕುಳಿ ಇದೆಯೆಂದು ಯಾರಿಗೂ ಗೊತ್ತಿರುವುದೂ ಇಲ್ಲ. ಒಂದು ದಿನ ಸೇರಿದ್ದೆಲ್ಲ ಒಳನುಗ್ಗಲು ಶುರುವಾಗಿ ಧಗ್ಗನೆ ಉರಿದುಬಿಡುತ್ತದೆ. ಎಕ್ಸ್-ರೇ ಕಾರುತ್ತದೆ, ಕಾಣುವ ಬೆಳಕೂ ಬರುತ್ತದೆ. ಕೆಲವು ವಾರ, ಬಹಳವಾದರೆ ಕೆಲವು ತಿಂಗಳು. ಆಮೇಲೆ ಮತ್ತೆ ಮಲಗಿತೆಂದರೆ ನಮ್ಮ ಜೀವಮಾನದಲ್ಲಿ ಏಳುತ್ತದೋ ಇಲ್ಲವೋ.

ಉರಿಯುವಾಗ ಅದು ಒಂದೇ ಸಮ ಉರಿಯುವುದಿಲ್ಲ. ಸೆಕೆಂಡಿಗೆ ಹಲವು ಸಲ ಏರಿಳಿಯುತ್ತದೆ. ಎಕ್ಸ್-ರೇಯನ್ನು ಗಾಳಿ ನೆಲಕ್ಕೆ ಬರಗೊಡುವುದಿಲ್ಲ, ಅದನ್ನು ಉಪಗ್ರಹವೇ ಮೇಲಿಂದ ನೋಡಬೇಕು. ಕಾಣುವ ಬೆಳಕನ್ನು ಅದೇ ಕ್ಷಣಕ್ಕೆ ನೆಲದಿಂದ, ಸೆಕೆಂಡಿಗೆ ಇಪ್ಪತ್ತು ಚಿತ್ರದಂತೆ ಹಿಡಿಯಬೇಕು. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ, ಎಕ್ಸ್-ರೇ ಮಿಂಚಿದ ಎಷ್ಟು ಹೊತ್ತಿಗೆ ಬೆಳಕು ಮಿಂಚಿತು ಎಂದು ತಿಳಿಯುತ್ತದೆ. ಆ ಹೊತ್ತಿನಿಂದ ಬೆಳಕು ಎಲ್ಲಿ ಹುಟ್ಟಿತು ಎಂದು ತಿಳಿಯುತ್ತದೆ. ಆ ವಾರ ಉಪಗ್ರಹ ನೋಡುವ ಹೊತ್ತಿಗೆ ಕತ್ತಲಿದ್ದದ್ದು ನಮ್ಮ ಕಡೆಗೆ. ದೊಡ್ಡ ದೂರದರ್ಶಕವಿದ್ದ ಬೆಟ್ಟದ ಮೇಲೆಲ್ಲ ಮೋಡ. ಹೀಗಾಗಿ ಸುರಪುರದ ಧೋತರದ ವೇಧಶಾಲೆಗೆ ಬೆಲೆ ಬಂತು.

ಇದನ್ನೆಲ್ಲ ನಾನು ಎಂ.ಎಸ್ಸಿ. ಆದ ಸಹೋದ್ಯೋಗಿಗಳಿಗೆ ಹೇಳಿದಾಗ ತಲೆ ಆಡಿಸಿದರು. ಕಾಕಾ ಮಾತ್ರ ತಲೆ ಆಡಿಸಲಿಲ್ಲ, ಪ್ರಶ್ನೆ ಕೇಳಿದರು.

"ಅಂದ್ರ ಕಾಲುವಿ ಇದ್ದಂಗ ಅದಲ್ರಿ. ಮ್ಯಾಲ ಗೇಟು ಎತ್ತಿದ್ದು ಯಾವಾಗ, ಕೆಳಗ ನೀರು ಮುಟ್ಟಿದ್ದು ಯಾವಾಗ, ಎರಡೂ ಬರದಿಟ್ರ ನಡುವಿನ ದಾರಿ ಎಷ್ಟಂತ ತಿಳೀತದ. ಹೌದಿಲ್ರಿ?"

"ಹೌದು ಕಾಕಾ, ಹಂಗೇ."

"ಹಂಗಾದ್ರ ಎರಡೂ ಕಡಿ ಗಡಿಯಾರ ಒಂದೇ ಇರ್ಬೇಕ್ರಿ ಮತ್ತ. ಇಲ್ಲಂದ್ರ ಎಲ್ಲಾ ಖೋಟಾ."

ಅವರಿಗೆ ಹೇಳಿಕೊಡುವುದು ಏನೂ ಇರಲಿಲ್ಲ. ಪ್ರಾಯದಲ್ಲಿ ಅವರು ಕಾಲುವೆಯ ಮೇಲೆ ದಿನಗೂಲಿಗೆ ಇದ್ದರು. ನೀರಿನ ಎತ್ತರ ತೋರುವ ಪಟ್ಟಿಯ ಪಕ್ಕದಲ್ಲಿ ಕೂತು, ಗಂಟೆಗೊಮ್ಮೆ ಎತ್ತರವನ್ನೂ ವೇಳೆಯನ್ನೂ ರಜಿಸ್ಟರಿನಲ್ಲಿ ಬರೆಯುವ ಕೆಲಸ.

ಸಮಯದ ಪೆಟ್ಟಿಗೆ ಕಟ್ಟಿದ್ದೂ ಅವರೇ. ಉಪಗ್ರಹಗಳಿಂದ ಸರಿಯಾದ ವೇಳೆ ಹಿಡಿಯುವ ಜಿಪಿಎಸ್ ಬಿಲ್ಲೆಯೊಂದನ್ನು ತರಿಸಿಕೊಟ್ಟೆ. ಅದನ್ನು ಅವರು ಸ್ಟೀಲಿನ ಬುತ್ತಿ ಡಬ್ಬಿಯೊಳಗೆ ಕೂಡಿಸಿ, ಬೆಸುಗೆ ಹಾಕಿ, ಪ್ರತಿ ಸೆಕೆಂಡಿಗೆ ಒಮ್ಮೆ ಕೆಂಪು ದೀಪ ಮಿನುಗುವ ಹಾಗೆ ಮಾಡಿದರು. ಆ ಮಿನುಗು ನಮ್ಮ ಚಿತ್ರದ ಮೂಲೆಯಲ್ಲಿ ಗುರುತಾಗಿ ಬೀಳುತ್ತಿತ್ತು. ಆ ಡಬ್ಬಿಗೆ ಒಂದು ಐಬು. ಚಾಲೂ ಮಾಡಿದ ಕೂಡಲೇ ನಂಬುವ ಹಾಗಿರಲಿಲ್ಲ. ಕಾಲು ಗಂಟೆಯಾದರೂ ಬಿಡಬೇಕು, ಇಲ್ಲದಿದ್ದರೆ ಒಂದು ಸೆಕೆಂಡು ಹೆಚ್ಚುಕಡಿಮೆ ತೋರಿಸುವ ಸಂಭವವಿತ್ತು. ಅದನ್ನು ನಾನು ಕಾಕಾಗೆ ಹೇಳಿದ್ದೆ.

ಪ್ರೊಫೆಸರರಿಗೆ ಡಬ್ಬಿಯ ಫೋಟೋ ಕಳಿಸಿದೆ. ಬಹಳ ನಕ್ಕರು, ಆಮೇಲೆ ಗಂಭೀರವಾಗಿ "ಇದನ್ನ ಮಾಡಿದವರ ಹೆಸರು ಪೇಪರಿನಲ್ಲಿ ಬರಬೇಕು. ಕೊನೆಯಲ್ಲಿ ಧನ್ಯವಾದ ಅಂತ ಅಲ್ಲ, ಲೇಖಕರ ಸಾಲಿನಲ್ಲಿ" ಎಂದರು.

ಅದನ್ನು ಹೇಳಿದಾಗ ಕಾಕಾ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು.

"ನನ್ನ ಹೆಸರ್ರಿ? ಛಾಪಿಸ್ತಾರ?"

"ಹೌದು ಕಾಕಾ. ದೇಶ ವಿದೇಶದವ್ರು ಓದ್ತಾರ."

"ವೋಟರ್ ಲಿಸ್ಟ್ ಬಿಟ್ರ ನನ್ನ ಹೆಸರು ಎಲ್ಲೂ ಛಾಪಾ ಆಗಿಲ್ರಿ ಮೇಡಂ. ಅದರಾಗೂ ತಪ್ಪು ಬಿದ್ದದ."

ಮರುದಿನ ಒಂದು ಚೀಟಿ ತಂದು ಕೊಟ್ಟರು. ತಮ್ಮ ಹೆಸರು, ತಂದೆಯ ಹೆಸರು, ಊರಿನ ಹೆಸರು. ಮೂರೂ ಇಂಗ್ಲಿಷಿನಲ್ಲಿ, ಶಾಲೆಯ ಮಾಸ್ತರರೊಬ್ಬರ ಹತ್ತಿರ ಕೇಳಿ ಬರೆಸಿದ್ದು. "ಊರ ಹೆಸರು ಸೈತ ಬಂದ್ರ ಚಲೋ ಆಗ್ತಿತ್ರಿ" ಎಂದರು. ಊರಲ್ಲಿ ಆಗಲೇ ಹೇಳಿಕೊಂಡು ಬಂದಿದ್ದರು ಎಂಬುದು ನನಗೆ ಆಮೇಲೆ ತಿಳಿಯಿತು.

ಐದು ಸಂಜೆ ನೋಡಿದೆವು. ಉಪಗ್ರಹ ನೋಡುತ್ತಿದ್ದದ್ದು ಎಂಟು ಗಂಟೆಯ ಸುಮಾರಿಗೆ, ಅರ್ಧ ಗಂಟೆ. ನಾನು ಲ್ಯಾಪ್‌ಟಾಪಿನ ಮೇಲೆ ಬಗ್ಗಿಕೊಂಡು, ನಕ್ಷತ್ರ ಚೌಕಟ್ಟಿನಿಂದ ಜಾರದ ಹಾಗೆ ನೋಡಿಕೊಳ್ಳುತ್ತಿದ್ದೆ. ಕಾಕಾ ನನ್ನ ಬೆನ್ನ ಹಿಂದೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿರುತ್ತಿದ್ದರು. ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಂಡು, ಮೊಣಕಾಲ ಮೇಲೆ ರಜಿಸ್ಟರ್ ಇಟ್ಟುಕೊಂಡು. ಅವರು ಏನು ಬರೆಯುತ್ತಿದ್ದರೆಂದು ನಾನು ಒಮ್ಮೆಯೂ ತಿರುಗಿ ನೋಡಲಿಲ್ಲ.

ಉಪಗ್ರಹದ ಲೆಕ್ಕ ನಮ್ಮ ಕೈಗೆ ಬರಲು ಎರಡು ತಿಂಗಳು ಹಿಡಿಯಿತು. ಬಂದ ದಿನ ಊಟ ಬಿಟ್ಟು ಕೂತೆ. ಉಪಗ್ರಹದ ಗಡಿಯಾರ ನಡೆಯುವ ರೀತಿ ಬೇರೆ, ನಮ್ಮ ಗಡಿಯಾರ ನಡೆಯುವ ರೀತಿ ಬೇರೆ. ನಮ್ಮ ವೇಳೆಯನ್ನು ಅದರ ವೇಳೆಗೆ ಪರಿವರ್ತಿಸುವ ಪ್ರೋಗ್ರಾಮು ನನ್ನ ಬಳಿಯೇ ಇತ್ತು, ಎಂ.ಫಿಲ್ ದಿನಗಳಿಂದ ಪೆನ್ ಡ್ರೈವಿನಲ್ಲಿ ಇಟ್ಟುಕೊಂಡು ಬಂದದ್ದು. ಓಡಿಸಿದೆ. ಎರಡನ್ನೂ ಹೊಂದಿಸಿದೆ. ಬೆಳಕು ಎಕ್ಸ್-ರೇಗಿಂತ ಮೊದಲು ಮಿಂಚಿತ್ತು, ಒಂದು ಸೆಕೆಂಡಿಗೆ ಸ್ವಲ್ಪ ಕಡಿಮೆ ಮೊದಲು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದರೆ ಇದೇ.

ಪ್ರೊಫೆಸರರು ಫೋನಿನಲ್ಲಿ ಅಂಕಿಗಳನ್ನು ಇನ್ನೊಮ್ಮೆ ಓದಿಸಿದರು. "ಇದು ಆಕಾಶದ ಆಟ ಅಲ್ಲ ಕಣಮ್ಮ, ಗಡಿಯಾರದ ಆಟ. ಬೆಳಕು ಎಕ್ಸ್-ರೇಯ ಹಿಂದೆ ಸ್ವಲ್ಪ ತಡವಾಗಿ ಬರಬೇಕು, ಹಾಗಾದರೆ ಎಲ್ಲೋ ಸರಿಯಾಗಿ ಒಂದು ಸೆಕೆಂಡು ತಪ್ಪಿದೆ. ಎಲ್ಲಿ ಅಂತ ಹುಡುಕು" ಎಂದರು.

ಹುಡುಕು ಎಂದರು. ನಾನು ಹುಡುಕಲಿಲ್ಲ. ಒಂದು ಸೆಕೆಂಡು ಎಂದ ಕೂಡಲೇ ನನ್ನ ತಲೆಯಲ್ಲಿ ಬುತ್ತಿ ಡಬ್ಬಿ ಬಂದು ಕೂತಿತು. ತಡವಾಗಿ ಚಾಲೂ ಮಾಡಿದ್ದಾರೆ, ಕಾಲು ಗಂಟೆ ಬಿಟ್ಟಿಲ್ಲ, ಮುಗಿಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಸಿಟ್ಟು ಹೇಗೆಂದರೆ, ಒಮ್ಮೆ ಎದ್ದರೆ ಎದುರಿಗೆ ಯಾರಾದರೂ ಬೇಕು, ಗೋಡೆಯ ಮೇಲೆ ತೀರಿಸಿಕೊಳ್ಳುವ ಜಾಯಮಾನ ನನ್ನದಲ್ಲ. ರಜಿಸ್ಟರ್ ತೆಗೆದುಕೊಂಡು ನೆಟ್ಟಗೆ ಸ್ಟಾಫ್ ರೂಮಿಗೆ ಹೋದೆ. ಕಾಕಾ ಎಲ್ಲರಿಗೂ ಚಹಾ ಕೊಡುತ್ತಿದ್ದರು.

"ಕಾಕಾ, ಡಬ್ಬಿ ಎಷ್ಟಕ್ಕ ಚಾಲೂ ಮಾಡ್ತಿದ್ರಿ?"

"ಏಳಕ್ರಿ. ಏಳೂವರಿ ತನಕಾ ನಿಮಗ ಕೈ ಹಚ್ಚಗೊಟ್ಟಿಲ್ಲ. ಹತ್ತತ್ತು ಮಿನಿಟಿಗೆ ನೋಡಿ ನೋಡಿ ಬರದೀನಲ್ರಿ, ಅದರಾಗೇ ಅದ."

ತೆರೆದೆ. ಐದೂ ಸಂಜೆಯ ಪುಟಗಳು. ಏಳು, ಏಳು ಹತ್ತು, ಏಳು ಇಪ್ಪತ್ತು. ಪ್ರತಿ ಸಾಲಿನಲ್ಲಿ ದೀಪ ಮಿನುಗುತ್ತಿದೆ ಎಂದು ಒಂದು ಗುರುತು, ಕೊನೆಗೆ ಸಹಿ. ಒಂದಕ್ಷರ ಮೇಲಿಲ್ಲ, ಕೆಳಗಿಲ್ಲ. ಒಂದೇ ಶಾಯಿ. ಮುತ್ತು ಪೋಣಿಸಿದ ಹಾಗೆ ಎಂದು ಮಕ್ಕಳ ಅಕ್ಷರ ಹೊಗಳುತ್ತೇವಲ್ಲ, ಹಾಗೆ.

"ಎಷ್ಟು ಚೆಂದ ಬರದೀರಿ ಕಾಕಾ! ಕತ್ತಲದಾಗ, ಮೊಣಕಾಲ ಮ್ಯಾಲ ಇಟ್ಕೊಂಡು, ಹುಳ ಕಡಿಸ್ಕೋತ ಬರದ್ರ ಹಿಂಗ ಬರ್ತದೇನು? ಇದು ಕುಂತಲ್ಲೇ ಕುಂತು ಒಮ್ಮೆಲೆ ಬರದದ್ದು ಅನಸ್ತದ."

ಇತಿಹಾಸದ ಸರ್ ಒಬ್ಬರು ಕಪ್ಪಿನಿಂದ ಬಾಯಿ ತೆಗೆದು "ಬಿಡ್ರಿ ಮೇಡಂ, ಕಾಲುವಿ ರಜಿಸ್ಟರ್ ಇದ್ದಂಗ ಅದ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಈ ನಗೆ ನಮ್ಮ ಸೀಮೆಯವರಿಗೆ ಮಾತ್ರ ತಿಳಿಯುವಂಥದ್ದು. ನಮ್ಮ ಹೊಲ ಕಾಲುವೆಯ ತುದಿಯಲ್ಲಿತ್ತು. ಮೇಲಿನವರು ಕುಡಿದು ಉಳಿದರೆ ನಮಗೆ. ಹೋಗಿ ಕೇಳಿದರೆ ರಜಿಸ್ಟರ್ ತೋರಿಸುತ್ತಿದ್ದರು. ಇಂಥ ದಿನ, ಇಷ್ಟು ಗಂಟೆಗೆ ನೀರು ಮುಟ್ಟಿದೆ ಎಂದು ಚೆಂದದ ಅಕ್ಷರದಲ್ಲಿ ಬರೆದಿರುತ್ತಿತ್ತು. ಕೆಲವರು ವಾರದ ವೇಳೆಯನ್ನೆಲ್ಲ ಮನೆಯಲ್ಲಿ ಕೂತು ತುಂಬುತ್ತಿದ್ದರು. "ರಜಿಸ್ಟರಿನಾಗ ನೀರು, ಹೊಲದಾಗ ಧೂಳು" ಎಂದು ಅಪ್ಪ ಅಂಗಡಿಯಲ್ಲಿ ಕೂತು ಬೈಯುತ್ತಿದ್ದುದನ್ನು ಕೇಳಿಯೇ ಬೆಳೆದವಳು ನಾನು. ಅಕ್ಷರ ಚೆಂದವಿದ್ದಷ್ಟೂ ಬರೆದದ್ದು ಸುಳ್ಳು ಎಂಬುದು ನಮ್ಮ ಮನೆಯ ಪಾಠ. ಅದನ್ನೇ ತಂದು ಕಾಕಾನ ತಲೆಗೆ ಕಟ್ಟಿದೆ.

ಇನ್ನೂ ಒಂದು ಇದೆ, ಅದನ್ನು ಬಿಟ್ಟು ಬರೆದರೆ ಇದೆಲ್ಲ ಬರೆದೂ ವ್ಯರ್ಥ. ಕಾಕಾ ಅವರದು ಬೌದ್ಧರ ಮನೆ. ಅದೇ ರಜಿಸ್ಟರನ್ನು ನಮ್ಮ ಓಣಿಯ, ನಮ್ಮ ಪೈಕಿಯ ಯಾರಾದರೂ ಬರೆದಿದ್ದರೆ ನಾನು ಮೊದಲು ನನ್ನ ಲ್ಯಾಪ್‌ಟಾಪ್ ತೆರೆದು ನೋಡಿಕೊಳ್ಳುತ್ತಿದ್ದೆ. ಯಾರೂ ನನಗೆ ಇದನ್ನು ಹೇಳಿಲ್ಲ, ಆಪಾದಿಸಿಲ್ಲ. ನನಗೇ ಗೊತ್ತು.

ಕಾಕಾ ತಟ್ಟೆ ಹಿಡಿದು ನಿಂತಿದ್ದರು. "ನೋಡಲಾರದ ವೇಳೆ ನಾ ಬರ್ಯಾಂಗಿಲ್ರಿ ಮೇಡಂ. ಕಾಲುವಿ ಮ್ಯಾಲಿದ್ದಾಗೂ ಬರದಿಲ್ಲ" ಎಂದರು. ಧ್ವನಿ ಏರಿಸಲಿಲ್ಲ. ಕಪ್ಪುಗಳನ್ನು ಒಂದೊಂದಾಗಿ ಎತ್ತಿಕೊಂಡು ಹೋದರು. ಇತಿಹಾಸದ ಸರ್ ಅವರ ಕಪ್ಪು ಇನ್ನೂ ಅರ್ಧ ತುಂಬಿತ್ತು, ಅದನ್ನೂ ಒಯ್ದರು.

ಪ್ರೊಫೆಸರರಿಗೆ ಫೋನು ಮಾಡಿ, ತಪ್ಪು ನಮ್ಮ ಕಡೆಯದೇ, ಡಬ್ಬಿಯನ್ನು ಕಾಲು ಗಂಟೆ ಬಿಟ್ಟಿಲ್ಲ, ದಾಖಲೆ ನಂಬುವ ಹಾಗಿಲ್ಲ ಎಂದೆ. "ಖಚಿತವೇನಮ್ಮ?" ಎಂದು ಎರಡು ಸಲ ಕೇಳಿದರು. ಖಚಿತ ಎಂದೆ. ಊಹೆಯ ಮೇಲೆ ಒಂದು ಸೆಕೆಂಡು ಸರಿಸುವುದು ವಿಜ್ಞಾನ ಅಲ್ಲ ಎಂದು ಅವರು ನಮ್ಮ ವೇಗದ ಚಿತ್ರಗಳನ್ನೆಲ್ಲ ಪೇಪರಿನಿಂದ ತೆಗೆದುಹಾಕಿದರು. ಬೆಳಕು ದಿನದಿಂದ ದಿನಕ್ಕೆ ಎಷ್ಟು ಇಳಿಯಿತು ಎಂಬುದಷ್ಟೇ ಉಳಿಯಿತು. ಅದಕ್ಕೆ ಡಬ್ಬಿ ಬೇಕಿರಲಿಲ್ಲ, ಡಬ್ಬಿ ಮಾಡಿದವರೂ ಬೇಕಿರಲಿಲ್ಲ. ಪೇಪರು ಅಚ್ಚಾಯಿತು. ನನ್ನ ಹೆಸರು ನಾಲ್ಕನೆಯದು. ಕಾಕಾನ ಹೆಸರು ಇರಲಿಲ್ಲ.

"ಬಂತೇನ್ರಿ ಪೇಪರು?" ಎಂದು ಅವರು ಒಮ್ಮೆ ಕೇಳಿದರು, ಪ್ರಯೋಗಾಲಯದ ಮೇಜು ಒರೆಸುತ್ತ.

"ಬಂತು ಕಾಕಾ."

ಮತ್ತೆ ಕೇಳಲಿಲ್ಲ. ಮೇ ತಿಂಗಳಲ್ಲಿ ನಿವೃತ್ತರಾದರು. ಬೀಳ್ಕೊಡುಗೆಯ ದಿನ ನಾನು ಯಾದಗಿರಿಯಲ್ಲಿ ಮೀಟಿಂಗ್ ಇದೆಯೆಂದು ರಜೆ ಹಾಕಿ, ಅಪ್ಪನ ಅಂಗಡಿಯಲ್ಲಿ ಕೂತು ಶೇಂಗಾ ತಿಂದೆ. ಆಗಲೂ ನನಗೆ ನನ್ನ ತಪ್ಪು ಗೊತ್ತಿರಲಿಲ್ಲ. ಗೊತ್ತಿಲ್ಲದೆಯೂ ಹೋಗಲು ಮುಖವಿರಲಿಲ್ಲ, ಯಾಕೋ.

ಗೊತ್ತಾದದ್ದು ಮುಂದಿನ ಡಿಸೆಂಬರಿನಲ್ಲಿ, ಎಳ್ಳಮಾವಾಸ್ಯೆಯ ಹಿಂದಿನ ದಿನ. ಬೇರೆ ಕೆಲಸಕ್ಕಾಗಿ ಗೆಳತಿಯೊಬ್ಬಳ ಪ್ರೋಗ್ರಾಮನ್ನೂ ನನ್ನದನ್ನೂ ಹೋಲಿಸಿ ನೋಡುತ್ತಿದ್ದೆ. ಎರಡರ ನಡುವೆ ಸರಿಯಾಗಿ ಒಂದು ಸೆಕೆಂಡು ವ್ಯತ್ಯಾಸ. ನನ್ನ ಪ್ರೋಗ್ರಾಮನ್ನು ಸಾಲು ಸಾಲಾಗಿ ತೆರೆದು ನೋಡಿದೆ. ಭೂಮಿ ಒಂದೇ ಸಮ ತಿರುಗುವುದಿಲ್ಲ, ಹಾಗಾಗಿ ಆಗೊಮ್ಮೆ ಈಗೊಮ್ಮೆ ಜಗತ್ತಿನ ಗಡಿಯಾರಗಳಿಗೆಲ್ಲ ಒಂದು ಸೆಕೆಂಡು ಸೇರಿಸುತ್ತಾರೆ. ಹಾಗೆ ಸೇರಿಸಿದ ಸೆಕೆಂಡುಗಳ ಪಟ್ಟಿಯೊಂದು ಪ್ರೋಗ್ರಾಮಿನೊಳಗೆ ಇರುತ್ತದೆ. ನನ್ನ ಪೆನ್ ಡ್ರೈವಿನ ಪಟ್ಟಿ ಹಳೆಯದು. ಅದಾದ ಮೇಲೆ ಒಂದು ಸೆಕೆಂಡು ಸೇರಿತ್ತು. ನಾನು ಪಟ್ಟಿ ಬದಲಿಸಿರಲಿಲ್ಲ.

ಬದಲಿಸಿ, ಹಳೆಯ ಐದು ಸಂಜೆಗಳನ್ನು ಮತ್ತೆ ಓಡಿಸಿದೆ. ಎಕ್ಸ್-ರೇ ಮಿಂಚುತ್ತದೆ, ಸೆಕೆಂಡಿನ ಹತ್ತರಲ್ಲೊಂದು ಪಾಲು ಕಳೆದ ಮೇಲೆ ಬೆಳಕು ಮಿಂಚುತ್ತದೆ. ಐದೂ ದಿನ ಹಾಗೆಯೇ. ಕುಳಿಯ ಹತ್ತಿರದಿಂದ ಚಿಮ್ಮುವ ಧಾರೆಯೊಂದಿರುತ್ತದೆ, ಅದರ ಬುಡದಲ್ಲಿ ಬೆಳಕು ಹುಟ್ಟಿದರೆ ಇಷ್ಟೇ ತಡವಾಗಬೇಕು. ಯವ್ವಾ, ಎಷ್ಟು ಚೆಂದವಿತ್ತು! ನಮ್ಮ ಮಾಳಿಗೆಯ ಮೇಲೆ, ಧೋತರದ ಪರದೆಯ ಹಿಂದೆ ಹಿಡಿದದ್ದು. ನಾಲ್ಕು ನಿಮಿಷ ನನ್ನಷ್ಟು ಸುಖಿ ಯಾರೂ ಇರಲಿಲ್ಲ. ಐದನೆಯ ನಿಮಿಷಕ್ಕೆ ಕಾಕಾ ನೆನಪಾದರು.

ಮರುದಿನ ಮನೆಯವರೆಲ್ಲ ಹೊಲಕ್ಕೆ ಹೋಗಿ ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡರು. ನಾನೂ ಉಂಡೆ. ಯಾರಿಗೂ ಹೇಳಲಿಲ್ಲ. ಪರೀಕ್ಷೆ ಮುಗಿಯಲಿ ಅಂದುಕೊಂಡೆ. ಮೌಲ್ಯಮಾಪನ ಮುಗಿಯಲಿ ಅಂದುಕೊಂಡೆ. ಅವ್ವನ ಮಂಡಿ ನೋವು, ತಮ್ಮನ ಮದುವೆ, ಬಿಸಿಲು, ಮಳೆ. ಪ್ರೊಫೆಸರರಿಗೂ ಹೇಳಲಿಲ್ಲ, ಅವರಿಗೆ ಹೇಳಿದರೆ ಕಾಕಾಗೆ ಹೇಳಲೇಬೇಕಾಗುತ್ತದೆ ಎಂದು. ಜಗತ್ತಿಗೆ ತಿಳಿಯಬೇಕಾದ ಒಂದು ಸಂಗತಿಯನ್ನು ನನ್ನ ಮಾನಕ್ಕಾಗಿ 'ಹಳೆಯದು' ಎಂಬ ಫೋಲ್ಡರಿನಲ್ಲಿ ಬಚ್ಚಿಟ್ಟೆ. ಥೂ, ನನ್ನ ಜನ್ಮಕ್ಕೆ. ಎಂಟು ತಿಂಗಳು.

ಆಗಸ್ಟಿನಲ್ಲಿ ಪ್ರೊಫೆಸರರೇ ಫೋನು ಮಾಡಿದರು. ಬೇರೆಯವರು ಇನ್ನೊಂದು ಕುಳಿಯಲ್ಲಿ ಇಂಥದೇ ತಡ ಕಂಡಿದ್ದಾರೆ, ನಿನ್ನ ಹಳೆಯ ಚಿತ್ರಗಳನ್ನು ಮತ್ತೊಮ್ಮೆ ನೋಡಬಾರದೇ ಎಂದರು. ಒಂದು ದಿನ ಬಿಟ್ಟು ನಾನೇ ಫೋನು ಮಾಡಿ, ಈಗಷ್ಟೇ ನೋಡಿದೆ, ತಪ್ಪು ನನ್ನ ಪಟ್ಟಿಯದು ಎಂದೆ. ಅವರಿಗೆ ಸಂತೋಷವೋ ಸಂತೋಷ. "ಆ ಡಬ್ಬಿಯ ಯಜಮಾನರಿಗೆ ಮೊದಲು ಹೇಳಮ್ಮ. ಹೊಸ ಪೇಪರಿನಲ್ಲಿ ಅವರ ಹೆಸರು ಬರಲೇಬೇಕು" ಎಂದರು. ಈಗಷ್ಟೇ ಎಂಬ ಮಾತು ಬಾಯಿಂದ ಸಲೀಸಾಗಿ ಬಂದಿತ್ತು.

ಶಹಾಪುರದಿಂದ ವಡಗೇರಾಕ್ಕೆ ಬಸ್ಸು, ಅಲ್ಲಿಂದ ಟಂಟಂ ಆಟೊ. ಕಾಕಾ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ನನ್ನನ್ನು ನೋಡಿ ಎದ್ದು, "ಬರ್ರಿ, ಬರ್ರಿ ಮೇಡಂ" ಎಂದು ಒಳಗಿಂದ ಕುರ್ಚಿ ತಂದು, ಟವೆಲಿನಿಂದ ಒರೆಸಿ ಹಾಕಿದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಕಾಲೇಜಿನವರು ಬೀಳ್ಕೊಡುಗೆಯಲ್ಲಿ ಕೊಟ್ಟ ಶಾಲು ಮಡಿಸಿಟ್ಟಿತ್ತು. ಅವರ ಹೆಂಡತಿ ಚಹಾ ತಂದರು.

ಮಾತಿಗೆ ಮಾತು ಬರಲೆಂದು "ಹ್ಯಾಂಗ ನಡದದ ಕಾಕಾ?" ಎಂದೆ.

"ಏನಿಲ್ರಿ. ಈ ಸಲ ಕಾಲುವಿ ಪಾಳಿ ಹಚ್ಯಾರ. ಯಾರ ಹೊಲಕ್ಕ ಎಷ್ಟೊತ್ತಿಗೆ ನೀರು ಬಿಟ್ರು, ಎಷ್ಟೊತ್ತಿಗೆ ತಿರುವಿದ್ರು ನೀನೇ ಬರಿ ಅಂತ ಊರವ್ರು ಕೇಳಾಕ ಬಂದಿದ್ರು. ನಾ ಒಲ್ಲೆ ಅಂದೆ."

"ಯಾಕ?"

"ವಯಸ್ಸಾತ್ರಿ. ಕಣ್ಣು ಮೋಸ ಮಾಡ್ತಾವ. ಸುರಪುರದಾಗೂ ಹಂಗೇ ಆತಲ್ರಿ. ನಾ ಏಳಕ್ಕ ಅನ್ಕೊಂಡೆ, ಎಂಟಾಗಾಕ ಬಂದಿತ್ತೇನೋ. ನೀವು ಕಲಿತವ್ರು, ಸುಮ್ ಸುಮ್ನೆ ಅಂತೀರೇನು?"

ಅವರು ನನ್ನನ್ನು ಹಂಗಿಸುತ್ತಿರಲಿಲ್ಲ. ನಂಬಿಬಿಟ್ಟಿದ್ದರು. ನಾನು ಅವರನ್ನು ನಂಬಲಿಲ್ಲ, ಅವರು ನನ್ನನ್ನು ನಂಬಿ ತಮ್ಮನ್ನು ನಂಬುವುದನ್ನೇ ಬಿಟ್ಟಿದ್ದರು. ಹೆಂಡತಿ ಬಾಗಿಲಲ್ಲಿ ನಿಂತು, "ಒಂದು ಸೆಕೆಂಡಿನ ಸಲುವಾಗಿ ಒಂದೂವರಿ ವರ್ಷಾತ್ರಿ, ಗಡಿಯಾರ ಬಿಚ್ಚಿಟ್ಟು ಕುಂತಾರ. ಊರಾಗ ಜನ, ಹೆಸರು ಬಂತೇನು ಅಂತ ಕೇಳಿದ್ರ ನಂದೇ ತಪ್ಪಾತು ಅಂತಾರ" ಎಂದರು.

ಚಹಾ ಕೆಳಗಿಟ್ಟೆ.

"ಕಾಕಾ, ನಿಮ್ಮ ವೇಳೆ ಸರಿ ಇತ್ತು. ಐದೂ ದಿನ. ತಪ್ಪು ನಂದು."

ಅವರು ಹಗ್ಗ ಬಿಟ್ಟು ನನ್ನ ಮುಖ ನೋಡಿದರು. ಪಟ್ಟಿಯ ವಿಷಯ, ಸೇರಿಸಿದ ಸೆಕೆಂಡಿನ ವಿಷಯ ಎಲ್ಲ ಹೇಳಿದೆ. ಎರಡು ಸಲ ಹೇಳಿಸಿದರು. ಮೂರನೆಯ ಸಲ ತಾವೇ ಹೇಳಿ, ಸರಿಯೇ ಎಂದು ಕೇಳಿದರು. ಆಮೇಲೆ "ಏ, ಕೇಳಿದೇನು? ನನ್ನ ವೇಳೆ ಸರಿ ಇತ್ತಂತ" ಎಂದು ಹೆಂಡತಿಗೆ ಹೇಳಿದರು. ಆಕೆ ಅಲ್ಲೇ ನಿಂತಿದ್ದರೂ ಜೋರಾಗಿ, ಊರ ಅಗಸೆ ಬಾಗಿಲ ತನಕ ಕೇಳುವ ಹಾಗೆ ಹೇಳಿದರು. ಟವೆಲಿನಿಂದ ಕಣ್ಣೊರೆಸಿಕೊಂಡರು. ನಾನು ಕಾಲು ಮುಟ್ಟಲು ಬಗ್ಗಿದೆ. "ಬ್ಯಾಡ್ರಿ, ಬ್ಯಾಡ್ರಿ" ಎಂದು ಹಿಂದೆ ಸರಿದರು.

ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, "ಯಾವಾಗ ಗೊತ್ತಾತ್ರಿ ನಿಮಗ?"

ಜೀವಮಾನವಿಡೀ ಅವರು ರಜಿಸ್ಟರಿನಲ್ಲಿ ಉತ್ತರ ಬರೆದ ಪ್ರಶ್ನೆ ಅದೊಂದೇ. ಯಾವಾಗ? ಉತ್ತರ ನನ್ನ ಬಾಯಲ್ಲಿತ್ತು. ಎಳ್ಳಮಾವಾಸ್ಯೆಯ ಹಿಂದಿನ ದಿನ ಎಂದರೆ ಆಗುತ್ತಿತ್ತು. ಆದರೆ ಎಂಟು ತಿಂಗಳು ಈ ಅಂಗಳದಲ್ಲಿ ಗಡಿಯಾರವಿಲ್ಲದೆ ಕೂತವರಿಗೆ ಅದನ್ನು ಹೇಗೆ ಹೇಳಲಿ?

"ಈ ವಾರ ಕಾಕಾ. ಸೋಮವಾರ" ಎಂದೆ.

"ಗೊತ್ತಾದ ವಾರದಾಗೇ ಬಂದ್ರಿ" ಎಂದು ಅವರು ಹೆಂಡತಿಯ ಕಡೆ ತಿರುಗಿದರು. "ನೋಡಿದೇನು?" ಆಮೇಲೆ ಬಹಳ ಸಂಕೋಚದಿಂದ ಒಂದು ಮಾತು ಕೇಳಿದರು. "ಮೇಡಂ, ಅವತ್ತು ಎಲ್ಲಾರ ಮುಂದ ಅಂದಿದ್ರಿ. ಇದನ್ನೂ ಅಲ್ಲೇ, ಎಲ್ಲಾರ ಮುಂದ ಒಂದು ಮಾತು ಅಂದ್ರ..."

ಅಂತೀನಿ ಕಾಕಾ ಎಂದೆ.

ಹೊಸ ಪೇಪರು ಬಂದ ಮೇಲೆ ಪ್ರಿನ್ಸಿಪಾಲರನ್ನು ಕೇಳಿ, ಸ್ಟಾಫ್ ರೂಮಿನಲ್ಲೇ ಎಲ್ಲರನ್ನೂ ಕೂಡಿಸಿದೆ. ಅವತ್ತು ನಕ್ಕವರೆಲ್ಲ ಇದ್ದರು, ಇತಿಹಾಸದ ಸರ್ ಕೂಡ. ಕಾಕಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು, ಮಣಿಕಟ್ಟಿನಲ್ಲಿ ಗಡಿಯಾರವಿತ್ತು. ಅವರನ್ನು ನನ್ನ ಕುರ್ಚಿಯಲ್ಲಿ ಕೂಡಿಸಿದೆ. ಚಹಾ ನಾನೇ ಕೊಟ್ಟೆ. ಪೇಪರಿನ ಮೊದಲ ಪುಟ ತೋರಿಸಿದೆ. ಮೂರನೆಯ ಹೆಸರು ಅವರದು, ತಂದೆಯ ಹೆಸರು, ಊರಿನ ಹೆಸರು ಸಮೇತ. ತಪ್ಪು ನನ್ನದು, ರಜಿಸ್ಟರಿನ ಪ್ರತಿ ಸಾಲೂ ಖರೇ, ಇವರನ್ನು ಅನುಮಾನಿಸಿದ್ದು ನನ್ನ ಸಣ್ಣತನ ಎಂದೆ. ಇತಿಹಾಸದ ಸರ್ ಎದ್ದು ಹೋಗಿ ಕಾಕಾನ ಕೈ ಹಿಡಿದುಕೊಂಡರು.

ಅಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಪ್ರಿನ್ಸಿಪಾಲರು "ಕಾಕಾ, ನೀವೂ ಎರಡು ಮಾತು ಆಡ್ರಿ" ಎಂದರು. ಕಾಕಾ ಎದ್ದು ನಿಂತು ಕೈ ಮುಗಿದರು.

"ನನ್ನ ಬಗ್ಗೆ ಹೇಳೂದು ಏನಿಲ್ರಿ. ನಮ್ಮ ಮೇಡಂ ಬಗ್ಗೆ ಹೇಳ್ತೀನಿ. ದೊಡ್ಡ ಓದಿದವ್ರು ತಪ್ಪಾತು ಅನ್ನೂದು ನಾ ನೋಡಿಲ್ಲ. ಇವ್ರಿಗೆ ಸೋಮವಾರ ಗೊತ್ತಾಗ್ಯಾದ, ಅದೇ ವಾರ ಬಸ್ ಹತ್ತಿ ನಮ್ಮ ಮನಿ ಹುಡುಕ್ಕೊಂಡು ಬಂದಾರ. ಒಂದು ವಾರನೂ ಒಳಗ ಇಟ್ಕೊಂಡಿಲ್ರಿ. ಇದನ್ನ ನಾ ಎಲ್ಲಿ ಬೇಕಾದ್ರೂ ನಿಂತು ಹೇಳ್ತೀನಿ."

ಅವರು ನನ್ನ ಕಡೆ ನೋಡಿ ನಕ್ಕರು. ಎದ್ದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಬರಲಿಲ್ಲ. ಎಂಟು ತಿಂಗಳು ಎಂಬ ಎರಡೇ ಎರಡು ಶಬ್ದ. ಎಲ್ಲರೂ ಚಪ್ಪಾಳೆ ತಟ್ಟಿದರು, ಅವರ ಜೊತೆ ನಾನೂ ತಟ್ಟಿದೆ.